ಕೊಟ್ಟು ತೆಗೆ, ತೆಗೆದು ಕೊಡು

ಪುರಸಭೆ ಅಧ್ಯಕ್ಷರ ಕುರ್ಚಿ ಭಾವನ ಎತ್ತರಕ್ಕಿತ್ತು. ಅದರಲ್ಲಿ ಕೂತರೆ, ಊರೆಲ್ಲ ಸೂಜಿ ಎಂದು ಕರೆಯುವ ಅವಳ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ಕೆಳಗೆ ಎಲ್ಲೋ ಒಂದು ಹಿಡಿ ಇರುತ್ತದೆ, ಎಳೆದರೆ ಕುರ್ಚಿ ಇಳಿಯುತ್ತದೆ ಎಂದು ಗೊತ್ತಿತ್ತು. ಆದರೆ ಎದುರಿಗೆ ಮುಖ್ಯಾಧಿಕಾರಿ ನಿಂತಿದ್ದರು. ಮೊದಲ ದಿನವೇ ಅವರ ಮುಂದೆ ಬಗ್ಗಿ ಕುರ್ಚಿಯ ಹೊಟ್ಟೆ ತಡಕುವುದು ಸರಿಕಾಣಲಿಲ್ಲ. ಎರಡೂ ಪಾದಗಳನ್ನು ಹಿಂದಕ್ಕೆಳೆದು ಕುರ್ಚಿಯ ಚಕ್ರದ ಕಾಲಿನ ಮೇಲಿಟ್ಟುಕೊಂಡಳು, ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ.

"ಅಭಿನಂದನೆಗಳು ಮೇಡಂ," ಎಂದರು ಮುಖ್ಯಾಧಿಕಾರಿ. "ಪ್ರಭಾರ ಅಧ್ಯಕ್ಷರಿಗೆ."

"ಪ್ರಭಾರ ಯಾಕೆ ಸಾರ್? ಬರೀ ಅಧ್ಯಕ್ಷೆ ಅನ್ನಿ. ಇವತ್ತಿಂದ ನನ್ನ ಸರದಿ."

"ಅಧ್ಯಕ್ಷರು ರಾಜೀನಾಮೆ ಕೊಟ್ಟಿಲ್ಲ ಮೇಡಂ, ರಜೆ ಹಾಕಿದ್ದಾರೆ. ಅವರು ಬರೋ ತನಕ ಉಪಾಧ್ಯಕ್ಷರು ಪ್ರಭಾರ. ಅಷ್ಟೇ." ಅವರು ನಕ್ಕರು. ಅವರ ನಗುವಿಗೆ ಹಲ್ಲಿರಲಿಲ್ಲ, ತುಟಿಯ ಎರಡು ತುದಿಗಳು ಮಾತ್ರ ಕಚೇರಿ ವೇಳೆಗೆ ಸರಿಯಾಗಿ ತೆರೆದು ಮುಚ್ಚುತ್ತಿದ್ದವು. ಯಾವ ಕಡತ ಬಂದರೂ ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದು ಹಿಂದಕ್ಕೆ ಕಳಿಸುತ್ತಿದ್ದುದರಿಂದ ಊರು ಅವರನ್ನು ಚರ್ಚಿಸಿ ಸಾಹೇಬರು ಎಂದೇ ಕರೆಯುತ್ತಿತ್ತು. ಚರ್ಚಿಸಿ ಎಂದು ಬರೆದ ಕಡತದ ಬಗ್ಗೆ ಯಾರೂ ಯಾರೊಡನೆಯೂ ಚರ್ಚಿಸುತ್ತಿರಲಿಲ್ಲ. ಅದು ಆ ಕಡತಕ್ಕೆ ಹೊದಿಸುವ ಬಿಳಿ ಬಟ್ಟೆ.

ಅವರು ಹೊರಗೆ ಹೋದ ಕೂಡಲೇ ಅವಳು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಭಾವ ರಜಾ ಹಾಕಿದಾರಂತಲ್ಲೇ! ರಾಜೀನಾಮೆ ಅಲ್ವಾ ಮಾತಾಗಿದ್ದು?"

"ಅಯ್ಯೋ, ನಿನ್ನ ಆತುರವೇ! ಒಂದೇ ಸಲಕ್ಕೆ ರಾಜೀನಾಮೆ ಅಂದ್ರೆ ಅವರ ಗುಂಪಿನವರು ಬಾಯಿ ಮಾಡ್ತಾರಂತೆ. ಮೊದಲು ರಜಾ, ಆಮೇಲೆ ಅದು. ಅಲ್ಲೀವರೆಗೆ ನೀನೂ ಸ್ವಲ್ಪ ಅಭ್ಯಾಸ ಮಾಡ್ಕೋ ಅಂತ. ಕೂತ್ಕೊಂಡ್ಯಾ ಕುರ್ಚಿ ಮೇಲೆ?"

"ಕೂತಿದೀನಿ."

"ಹೇಗಿದೆ?"

"ಎತ್ತರ ಆಯ್ತು."

ಅಕ್ಕ ನಕ್ಕಳು. ಆ ನಗು ಕೇಳಿದರೆ ಸೂಜಿಗೆ ಎಂಥ ಸಂಶಯವೂ ನಿಲ್ಲುತ್ತಿರಲಿಲ್ಲ. ಅಮ್ಮ ಬೇಗ ಹೋದ ಮನೆಯಲ್ಲಿ ಅವಳ ತಲೆ ಬಾಚಿದ್ದು ಅಕ್ಕ. ಹೊಲಿಗೆ ಕಲಿಯಲು ಕಳಿಸಿದ್ದೂ ಅಕ್ಕ. ಸೂಜಿ ಎಂದು ಹೆಸರಿಟ್ಟವಳೂ ಅವಳೇ: "ಸಣ್ಣಗಿದೀಯ, ಚುಚ್ಚೋ ಹಾಗೆ ಮಾತಾಡ್ತೀಯ, ಕೈಗೆ ಬೇರೆ ಅದೇ ಸಿಕ್ಕಿದೆ. ಇನ್ನೇನಂತ ಕರೀಲಿ?" ಪುರಸಭೆಯ ಮತಪತ್ರದಲ್ಲೂ ಜನ ಹುಡುಕಿದ್ದು ಆ ಹೆಸರನ್ನೇ.

ಒಪ್ಪಂದವಾದದ್ದು ಅಕ್ಕನ ಮನೆಯ ಊಟದ ಮೇಜಿನಲ್ಲಿ. ಚುನಾವಣೆಯಲ್ಲಿ ಎರಡು ಗುಂಪಿಗೂ ಸಮಸಮ ಸ್ಥಾನ ಬಂದಿತ್ತು. ಎರಡಕ್ಕೂ ಸೇರದೆ ಗೆದ್ದವರು ಸೂಜಿ ಮತ್ತು ಅವಳ ಮಾತು ಕೇಳುವ ಇನ್ನಿಬ್ಬರು ಸದಸ್ಯರು. ಭಾವ ಊರಿಗೆಲ್ಲ ಸಿಮೆಂಟು ಮಾರುವವರು, ಒಂದು ಗುಂಪಿನ ಮುಖಂಡರು. ಅಕ್ಕ ತಟ್ಟೆಗಳನ್ನು ತೆಗೆದು ಮೇಜು ಒರೆಸಿದಳು. ಒದ್ದೆ ಆರುವುದರೊಳಗೆ ಅಧಿಕಾರ ಹಂಚಿಯಾಯಿತು: ಮೊದಲ ಅರ್ಧ ಅವಧಿ ಭಾವ ಅಧ್ಯಕ್ಷರು, ಸೂಜಿ ಉಪಾಧ್ಯಕ್ಷೆ; ಉಳಿದರ್ಧ ಸೂಜಿಯೇ ಅಧ್ಯಕ್ಷೆ.

"ಬರೆದಿಡೋಣ್ವಾ?" ಎಂದು ಸೂಜಿ ಕೇಳಿದ್ದಳು.

"ಮನೆಯವರ ಮಧ್ಯೆ ಎಂಥ ಬರವಣಿಗೆ? ನಾನಿದೀನಲ್ಲ ಸಾಕ್ಷಿಗೆ," ಎಂದಿದ್ದಳು ಅಕ್ಕ.

ಸೂಜಿಗೆ ಕುರ್ಚಿ ಬೇಕಾಗಿದ್ದು ಗಲ್ಲಿಗಾಗಿ. ಆಸ್ಪತ್ರೆಗೂ ಬಸ್ ನಿಲ್ದಾಣಕ್ಕೂ ನಡುವೆ, ಹಳೆಯ ಗೋದಾಮಿನ ಹಿಂಗೋಡೆಗೆ ಒರಗಿಕೊಂಡ ತಗಡಿನ ಅಂಗಡಿಗಳ ಸಾಲು ಅದು. ಅವಳ ಹೊಲಿಗೆ ಅಂಗಡಿ, ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುವವನು, ಅವನಾಚೆ ಕೀಲಿಕೈ ಮಾಡುವ ಅಜ್ಜಿ, ಹೀಗೆ ಕೊನೆಯವರೆಗೆ. ರಸ್ತೆ ಅಗಲವಾಗಬೇಕು, ಗಲ್ಲಿ ಹೋಗಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಎಲ್ಲಿಗೆ ಹೋಗಬೇಕು ಎಂಬುದೇ ಪ್ರಶ್ನೆ. ಹೊಸ ಮಾರುಕಟ್ಟೆ ಕಟ್ಟಿ ಮುಗಿದಿತ್ತು. ಮಳಿಗೆಗಳ ಬಾಗಿಲಿಗೆ ಬಣ್ಣವಾಗಿತ್ತು. ಹಂಚಿರಲಿಲ್ಲ. ಹಿಂದೊಮ್ಮೆ ಪುರಸಭೆಯ ಬುಲ್ಡೋಜರ್ ಬಂದಾಗ ಗಲ್ಲಿಯವರೆಲ್ಲ ಅಡ್ಡ ಮಲಗಿದ್ದರು, ಎಲ್ಲರಿಗಿಂತ ಮುಂದೆ ಸೂಜಿ. ಅದು ಹಿಂದಕ್ಕೆ ಹೋಗಿತ್ತು. ಆ ಮಲಗಿದ್ದಕ್ಕೇ ಅವಳು ಚುನಾವಣೆ ಗೆದ್ದಳು. "ಮಳಿಗೆ ಕೀಲಿ ನಿಮ್ಮ ಕೈಗೆ ಬರೋವರೆಗೆ ಒಂದು ತಗಡೂ ಅಲ್ಲಾಡಲ್ಲ," ಎಂದು ಮಾತು ಕೊಟ್ಟಿದ್ದಳು.

ಪ್ರಭಾರದ ಸುದ್ದಿಯನ್ನು ಅವಳು ಗಲ್ಲಿಗೆ ತಂದಾಗ ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆ ಎತ್ತಿದ.

"ಅಂದ್ರೆ ನಿಮ್ಮ ಭಾವ ರಾಜೀನಾಮೆ ಬರೆಯೋಕೆ ಕೂತ್ರು, ರಜಾ ಅನ್ನೋಷ್ಟರಲ್ಲಿ ಶಾಯಿ ಮುಗೀತು."

"ನಿನ್ನ ಬಾಯಿಗೆ ಒಂದು ಗುಂಡಿ ಹೊಲೀತೀನಿ ನೋಡು."

"ಹೊಲಿ ಸೂಜಕ್ಕ. ಆದ್ರೆ ಪ್ರಭಾರ ಅಂದ್ರೆ ಏನು? ಭಾರ ಗೊತ್ತು. ಅದಕ್ಕೊಂದು ಪ್ರ ಸೇರಿಸಿದ್ರೆ?"

"ಹೆಚ್ಚು ಭಾರ," ಎಂದಳು ಕೀಲಿ ಅಜ್ಜಿ, ಅರದಿಂದ ಕಣ್ಣು ತೆಗೆಯದೆ. "ನೀನು ಸುಮ್ಮನಿರೋ. ನಮ್ಮವಳು ಕುರ್ಚೀಲಿ ಕೂತಿದಾಳೆ, ಅಷ್ಟು ಸಾಕು. ನೋಡೇ ಸೂಜಿ, ಬಾಗಿಲ ಪಕ್ಕದ ಮಳಿಗೆ ನನಗೆ. ಮಂಡಿ ಎಳೆಯುತ್ತೆ, ಒಳಗಿನ ತನಕ ನಡೆಯಕ್ಕಾಗಲ್ಲ."

"ಬಾಗಿಲ ಪಕ್ಕದ್ದೇ."

"ನನಗೆ ಉತ್ತರಕ್ಕೆ ಕಿಟಕಿ ಇರೋದು," ಎಂದ ಗಡಿಯಾರದವನು. "ನಾನು ನಂಬಲ್ಲ, ಆದ್ರೆ ಕೊಟ್ರೆ ಬೇಡ ಅನ್ನಲ್ಲ."

ಸೂಜಿ ಮರುದಿನವೇ ಸಭೆ ಕರೆಸಿದಳು. ಒಂದೇ ವಿಷಯ. ಭಾವನ ಗುಂಪಿನ ಸದಸ್ಯರು ತಕರಾರು ಎತ್ತುತ್ತಾರೆ ಎಂದುಕೊಂಡೇ ಕೂತಿದ್ದಳು. ಯಾರೂ ಎತ್ತಲಿಲ್ಲ. ಅವರು ಮೇಜಿನ ಮೇಲಿನ ನೀರಿನ ಬಾಟಲಿಗಳ ಮುಚ್ಚಳ ತಿರುಗಿಸುತ್ತ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರಂತೆ ಸಾವಧಾನವಾಗಿದ್ದರು.

"ನಮ್ಮ ಗಲ್ಲಿಯವರಿಗೆ ಹೊಸ ಮಾರುಕಟ್ಟೇಲಿ ಮಳಿಗೆ ಕೊಟ್ಟು, ಅಂಗಡಿ ತೆಗೆಸಬೇಕು," ಎಂದಳು ಸೂಜಿ. ಇದನ್ನು ಹೇಳಲು ಅವಳು ಎಷ್ಟೋ ಕಾಲದಿಂದ ಕಾದಿದ್ದಳು. ಹೇಳಿಯಾದ ಮೇಲೆ ಇಷ್ಟೇನಾ ಎನ್ನಿಸಿತು.

ಗುಮಾಸ್ತ ಬರೆದುಕೊಳ್ಳುತ್ತಿದ್ದ. ಮುಖ್ಯಾಧಿಕಾರಿ ಅವನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಅಂಗಡಿ ತೆಗೆಸೋದು ಅಂದ್ರೆ ತೆರೆಸೋದು ಅಂತಾನೂ ಅರ್ಥ ಆಗುತ್ತೆ ಮೇಡಂ. ನಾಳೆ ಯಾರಾದ್ರೂ ನಗ್ತಾರೆ. ತೆರವು ಅಂತ ಹಾಕೋಣ. ಭಾಷೆ ಸ್ವಲ್ಪ ಕಚೇರಿಗೆ ತಕ್ಕ ಹಾಗೆ ಮಾಡ್ತೀನಿ, ಕೇಳಿ." ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಹೇಳಿ ಬರೆಸಿದರು: "'ಸದರಿ ಗಲ್ಲಿಯ ಅಂಗಡಿಗಳನ್ನು ತೆರವುಗೊಳಿಸಿ, ಅಂಗಡಿದಾರರಿಗೆ ನೂತನ ಮಾರುಕಟ್ಟೆಯಲ್ಲಿ ಮಳಿಗೆಗಳನ್ನು ಹಂಚಿಕೆ ಮಾಡಲು ತೀರ್ಮಾನಿಸಲಾಯಿತು.' ಸರಿನಾ ಮೇಡಂ?"

ಅವಳು ಕೇಳಿಸಿಕೊಂಡಳು. ಗಲ್ಲಿ ಇತ್ತು, ಅಂಗಡಿದಾರರಿದ್ದರು, ಮಳಿಗೆ ಇತ್ತು, ಹಂಚಿಕೆ ಇತ್ತು. ಅವಳ ಬಾಯಿಂದ ಬಂದ ಒರಟು ಬಟ್ಟೆ ಇಸ್ತ್ರಿಯಾಗಿ ವಾಪಸು ಬಂದಿತ್ತು. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಅವಳು ಮೊದಲ ದಿನ ಹೇಳುತ್ತಿದ್ದ ಪಾಠ, ಅಳೆದು ಕತ್ತರಿಸು, ಕತ್ತರಿಸಿ ಅಳೆಯಬೇಡ ಎಂದು. ಆ ಕ್ಷಣಕ್ಕೆ ಅದು ಅವಳ ತಲೆಯ ಹತ್ತಿರವೂ ಸುಳಿಯಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅಧ್ಯಕ್ಷರು ತಡವರಿಸಬಾರದು.

"ಸರಿ," ಎಂದಳು.

ಎಲ್ಲ ಕೈಗಳೂ ಮೇಲೆದ್ದವು. ಭಾವನ ಕಡೆಯವರದು ಮೊದಲು.

ಮರುದಿನ ಗಲ್ಲಿಗೆ ಪುರಸಭೆಯ ಲಾರಿ ಬಂತು. ಹಿಂದೆ ಬುಲ್ಡೋಜರ್ ನಿಂತಿತ್ತು. ಕೀಲಿ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮಲಗುವುದಕ್ಕೆ.

"ತಾಳು ಅಜ್ಜಿ, ಇದು ಬೇರೆ," ಎಂದಳು ಸೂಜಿ. "ಇದು ನಾವೇ ಮಾಡಿರೋ ತೀರ್ಮಾನ. ಇವತ್ತು ಸಾಮಾನು ತೆಗೆಯೋದು, ಸಂಜೆಗೆ ಮಳಿಗೆ ಬಾಗಿಲು."

"ಕೀಲಿ ಎಲ್ಲಿ?" ಎಂದ ಗಡಿಯಾರದವನು.

"ಕಚೇರೀಲಿದೆ. ಸಹಿ ಆಗ್ಬೇಕು."

"ಯಾರ ಸಹಿ?"

"ನಂದೇ ಕಣೋ!"

ಅವಳು ಯಾರಿಗೂ ಕಾಯದೆ ತನ್ನ ಹೊಲಿಗೆ ಯಂತ್ರವನ್ನು ತಾನೇ ಹೊರಗೆ ಎಳೆದಳು. ಕಬ್ಬಿಣದ ಕಾಲುಗಳು ನೆಲದ ಮೇಲೆ ಎರಡು ಗೀರು ಬಿಟ್ಟವು. ಅದನ್ನು ನೋಡಿ ಉಳಿದವರು ಒಬ್ಬೊಬ್ಬರಾಗಿ ಎದ್ದರು. ಗಡಿಯಾರದವನು ಗೋಡೆಯಿಂದ ಗಡಿಯಾರಗಳನ್ನು ಇಳಿಸಿ ಹಾಸಿಗೆ ಹೊದಿಕೆಯಲ್ಲಿ ಸುತ್ತಿದ. ಗಂಟೆ ಹೊಡೆಯುವಂಥವು ಒಂದೆರಡು ಅದರೊಳಗಿಂದಲೇ ಹೊಡೆದವು. ಒಬ್ಬರಾದರೂ ಅಡ್ಡ ಮಲಗಲಿಲ್ಲ. ಬುಲ್ಡೋಜರ್ ಓಡಿಸುವವನಿಗೇ ಅನುಮಾನ ಬಂದು, "ಸುರು ಮಾಡ್ಲಾ ಅಮ್ಮ?" ಎಂದು ಕೇಳಿದ.

"ಮಾಡಪ್ಪ."

ಮಧ್ಯಾಹ್ನದೊಳಗೆ ಗೋದಾಮಿನ ಹಿಂಗೋಡೆ ಬೆತ್ತಲಾಯಿತು. ಅಂಗಡಿಗಳು ಒರಗಿದ್ದ ಜಾಗಗಳಲ್ಲಿ ಮಾತ್ರ ಸುಣ್ಣ ಹಳೆಯ ಬಣ್ಣಕ್ಕೇ ಉಳಿದು, ಬಾಗಿಲುಗಳಿಲ್ಲದ ಬಾಗಿಲುಗಳಂತೆ ಕಾಣುತ್ತಿತ್ತು.

ಅವಳು ಮಣ್ಣಿನ ಕೈಯಲ್ಲೇ ಪುರಸಭೆಗೆ ಹೋದಳು. ಮುಖ್ಯಾಧಿಕಾರಿ ಎದ್ದು ನಿಂತರು. ಎದ್ದು ನಿಲ್ಲುವುದರಲ್ಲಿ ಅವರು ಎಂದೂ ಲೋಪ ಮಾಡಿದವರಲ್ಲ.

"ಸಾರ್, ಹಂಚಿಕೆ ಕಾಗದ ಕೊಡಿ, ಸಹಿ ಹಾಕ್ತೀನಿ. ಜನ ಬೀದೀಲಿ ಕೂತಿದಾರೆ."

"ಕೂತ್ಕೊಳ್ಳಿ ಮೇಡಂ. ನೀರು ಕುಡೀರಿ." ಅವರು ಲೋಟವನ್ನು ಅವಳತ್ತ ಸರಿಸಿದರು. "ಪ್ರಭಾರ ಅಧ್ಯಕ್ಷರಿಗೆ ದಿನನಿತ್ಯದ ಕೆಲಸ ಮಾತ್ರ. ತೆರವು ದಿನನಿತ್ಯದ ಕೆಲಸ. ಚರಂಡಿ ತೆಗೆಸಿದ ಹಾಗೆ, ದೀಪ ಹಾಕಿಸಿದ ಹಾಗೆ. ಅದನ್ನ ನೀವು ಮಾಡಿದ್ರಿ, ಚೆನ್ನಾಗಿ ಆಯ್ತು. ಹಂಚಿಕೆ ಪುರಸಭೆ ಆಸ್ತಿಗೆ ಸಂಬಂಧಪಟ್ಟಿದ್ದು. ಅದು ಖಾಯಂ ಅಧ್ಯಕ್ಷರ ಅಧಿಕಾರ."

"ಒಂದೇ ತೀರ್ಮಾನ ಅಲ್ವಾ ಸಾರ್ ಅದು? ಒಂದೇ ಮಾತು!"

"ಮಾತು ಒಂದೇ. ಅದರಲ್ಲಿ ಕೆಲಸ ಎರಡು ಮೇಡಂ. ಮೊದಲನೇದು ಮುಗಿದ ಮೇಲೆ ಎರಡನೇದು. ನೀವೇ ಒಪ್ಪಿದ ವಾಕ್ಯ. ತೆರವುಗೊಳಿಸಿ, ಹಂಚಿಕೆ."

ಅವಳ ಬಾಯಿ ತಾನಾಗಿ ಅದನ್ನು ತಿರುಗಿಸಿ ನೋಡಿತು. ಕೊಟ್ಟು ತೆಗೆ. ತೆಗೆದು ಕೊಡು. ಕೊಟ್ಟು ತೆಗೆ ಎಂದರೆ ಕೊಡದೆ ತೆಗೆಯುವ ಹಾಗಿಲ್ಲ. ತೆಗೆದು ಕೊಡು ಎಂದರೆ ತೆಗೆದಾದ ಮೇಲೆ ಎಂದಾದರೂ ಕೊಡಬಹುದು. ಎರಡೂ ಕೆಲಸ ಅವೇ, ಪದಗಳೂ ಅವೇ. ಎಲ್ಲರೂ ನೋಡುತ್ತಿರುವಾಗ, ಅವಳ ಕಿವಿಯ ಮುಂದೆಯೇ, ಅವಳ ಒಪ್ಪಿಗೆ ಪಡೆದು, ಆ ಮನುಷ್ಯ ಹಿಂದಿನದನ್ನು ಮುಂದಿಟ್ಟಿದ್ದ.

"ಹಾಗಾದ್ರೆ ಹಂಚಿಕೆ ಕಡತ ಏನಾಯ್ತು?"

"ಮೇಲೆ ಒಂದು ಮಾತು ಬರೆದು ಇಟ್ಟಿದೀನಿ."

ಏನು ಬರೆದಿದ್ದೀರಿ ಎಂದು ಅವಳು ಕೇಳಲಿಲ್ಲ. ಊರಿನಲ್ಲಿ ಯಾರೂ ಅದನ್ನು ಕೇಳುವ ಅಗತ್ಯವಿರಲಿಲ್ಲ.

ಬಾಗಿಲಿನಲ್ಲಿ ಚಪ್ಪಲಿ ಸದ್ದಾಯಿತು. ಭಾವ ಬಂದಿದ್ದರು. ಕ್ಷೌರವಾಗಿತ್ತು, ಅಂಗಿ ಗರಿಗರಿಯಾಗಿತ್ತು, ಮುಖದಲ್ಲಿ ನಿದ್ದೆ ತುಂಬಿದವರ ತಂಪಿತ್ತು.

"ಏನಮ್ಮಾ, ಭಾಳ ಸುಸ್ತಾಗಿದೀಯ? ನಿನಗೆ ಯಾಕೆ ಇಷ್ಟು ತೊಂದ್ರೆ ಅಂತ ರಜಾ ಇವತ್ತಿಗೇ ಮುಗಿಸಿ ಬಂದೆ."

"ಭಾವ, ರಾಜೀನಾಮೆ?"

"ಕೊಡೋದೇ. ಎಲ್ಲಿಗೆ ಓಡಿಹೋಗುತ್ತೆ? ಈಗ ಊರು ಸ್ವಲ್ಪ ಬಿಸಿ ಇದೆ. ತಣ್ಣಗಾಗ್ಲಿ." ಅವಳ ಭುಜ ತಟ್ಟಿ ಒಳಗಿನ ಕೋಣೆಗೆ ಹೋಗಿ ಕೂತ. ಕುರ್ಚಿ ನಿಟ್ಟುಸಿರುಬಿಟ್ಟಿತು.

ಆ ಭುಜ ತಟ್ಟುವಿಕೆಯ ಹೊತ್ತಿಗೆ ಅವಳ ಮನಸ್ಸಿನಲ್ಲಿ ಭಾವನಿಗಿದ್ದ ಬಹುವಚನ ಕಳಚಿ ಬಿತ್ತು. ಸಿಟ್ಟು ಬರಲಿಲ್ಲ. ಇವನಿಂದ ಇನ್ನೇನನ್ನು ನಿರೀಕ್ಷಿಸಿದ್ದೆ ನಾನು ಎನ್ನಿಸಿತು. ಮೂಗಿಗೆ ತುಪ್ಪ ಸವರುವುದು ಅವನ ವ್ಯಾಪಾರ. ಆದರೆ ಒಪ್ಪಂದಕ್ಕೆ ಸಾಕ್ಷಿ ಇದ್ದಳು. ಸಾಕ್ಷಿ ಬಂದು ಒಂದು ಮಾತು ಹೇಳಿದರೆ ಸಾಕು. ಇಂದೇ ರಾಜೀನಾಮೆ, ಇಂದೇ ಸಹಿ, ಸಂಜೆಗೆ ಕೀಲಿ.

ಅಕ್ಕ ಅಡುಗೆಮನೆಯಲ್ಲಿದ್ದಳು. ಸೂಜಿಯ ಕೈ ನೋಡಿದವಳೇ ನಲ್ಲಿ ತಿರುಗಿಸಿದಳು.

"ಎಂಥಾ ಮಣ್ಣೇ ಇದು! ತೊಳ್ಕೋ ಮೊದಲು. ಉಗುರಿನ ಸಂದೀಲೂ."

ಸೂಜಿ ತೊಳೆದುಕೊಂಡಳು. ಅಕ್ಕ ತಟ್ಟೆ ಹಾಕಿದಳು. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಅವಳಿಗೆ ಕೈ ತಟ್ಟೆಗೆ ಹೋದ ಮೇಲೆ ನೆನಪಾಯಿತು. ತಿನ್ನುತ್ತಲೇ ಎಲ್ಲವನ್ನೂ ಹೇಳಿದಳು: ವಾಕ್ಯ, ಬುಲ್ಡೋಜರ್, ಮುಗಿದುಹೋದ ರಜೆ. ಅಕ್ಕ ಎದುರಿಗೆ ಕೂತು, ತಟ್ಟೆ ಖಾಲಿಯಾದಲ್ಲೆಲ್ಲ ಬಡಿಸುತ್ತ ಕೇಳಿಸಿಕೊಂಡಳು. ಎಲ್ಲಿಯೂ "ಹೌದಾ?" ಎನ್ನಲಿಲ್ಲ. ಸೂಜಿ ಅದನ್ನು ಗಮನಿಸಿದ್ದು ತಡವಾಗಿ. ಹೊಸ ಸುದ್ದಿ ಕೇಳುವವರು ಮಧ್ಯೆ ಮಧ್ಯೆ ಹೌದಾ ಎನ್ನುತ್ತಾರೆ.

ಅವಳ ಕೈ ನಿಂತಿತು.

"ನಿನಗೆ ಗೊತ್ತಿತ್ತಾ?"

"ಉಣ್ಣು, ಆರಿ ಹೋಗುತ್ತೆ."

"ಅಕ್ಕಾ. ಗೊತ್ತಿತ್ತಾ ನಿನಗೆ?"

ಅಕ್ಕ ಸೌಟನ್ನು ಪಾತ್ರೆಯಲ್ಲಿಟ್ಟಳು.

"ನೋಡು, ಗಲ್ಲಿ ಹೆಂಗೂ ಹೋಗೋದೇ. ಪೊಲೀಸರನ್ನ ಕರೆಸ್ತೀನಿ ಅಂತ ಕೂತಿದ್ರು ನಿಮ್ಮ ಭಾವ. ಆ ಮುದುಕಿ ಅಡ್ಡ ಮಲಗೋದು, ಲಾಠಿ ಏಟು, ರಕ್ತ, ಅದೆಲ್ಲ ಬೇಕಾ? ನಾನೇ ಅಂದೆ, ಅವಳನ್ನ ಕೂರಿಸಿ, ಅವಳು ಹೇಳಿದ್ರೆ ಎಲ್ಲರೂ ತಾವಾಗೇ ಎದ್ದು ಹೋಗ್ತಾರೆ ಅಂತ. ಹೋದ್ರಾ ಇಲ್ವಾ? ಯಾರಿಗಾದ್ರೂ ಒಂದು ಏಟು ಬಿತ್ತಾ?"

"ನೀನು ಅಂದ್ಯಾ."

"ನಿನ್ನ ಒಳ್ಳೇದಕ್ಕೇ ಕಣೇ. ನೀನೇ ಮುಂದೆ ಮಲಗೋಳು ಅಲ್ವಾ? ಲಾರಿ ನಿನ್ನ ಮೇಲೇ ಹತ್ತಿದ್ರೆ?" ಅಕ್ಕನ ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ. ಅದನ್ನು ನೋಡಿದಾಗ ಸೂಜಿಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಅಕ್ಕ ಸುಳ್ಳು ಹೇಳುತ್ತಿರಲಿಲ್ಲ.

"ಮಳಿಗೆಗಳು?"

"ಅವರ ಗುಂಪಿನವರೂ ಮನುಷ್ಯರೇ ತಾನೇ. ಅವರೂ ಕೇಳ್ತಾರೆ. ಮುಂದಿನ ಸಾಲಿನದು ಒಂದು ನಮ್ಮ ಹುಡುಗನಿಗೆ. ಎಷ್ಟು ದಿನ ಅಂತ ಮನೇಲಿ ಕೂತಿರ್ತಾನೆ ಪಾಪ. ಅವನ ಮೊದಲನೇ ಅಂಗಿ ನೀನೇ ಹೊಲಿದಿದ್ದು, ಮರೆತ್ಯಾ?" ಅಕ್ಕ ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು. "ನಿನಗೂ ಒಂದು ಇಡಿಸಿದೀನಿ. ಮೂಲೆದು. ಎರಡು ಕಡೆಯಿಂದ ಬೆಳಕು ಬರುತ್ತೆ. ಹೊಲಿಗೆ ಕೆಲಸಕ್ಕೆ ಬೆಳಕೇ ಅಲ್ವಾ ಮುಖ್ಯ? ನಾನೇ ಹೋಗಿ ನೋಡಿ ಬಂದೆ."

"ಸಾಕ್ಷಿ ನಾನಿದೀನಿ ಅಂದಿದ್ದೆ."

"ಇದೀನಲ್ಲ! ರಾಜೀನಾಮೆ ಕೊಡಿಸ್ತೀನಿ, ಬಿಡ್ತೀನಾ? ಎಲ್ಲ ಒಂದು ಹದಕ್ಕೆ ಬರ್ಲಿ. ಅವರಿಗೂ ಒಂದು ಮರ್ಯಾದೆ ಅಂತ ಇರುತ್ತೆ."

ಎಲ್ಲ ಹಂಚಿಯಾದ ಮೇಲೆ ಎಂದು ಅರ್ಥ. ಬರೀ ಗೋಡೆಗಳ ಪುರಸಭೆಗೆ ಅವಳು ಅಧ್ಯಕ್ಷೆಯಾಗಬಹುದು. ಸೂಜಿ ಮಣಿಕಟ್ಟನ್ನು ಮೆಲ್ಲನೆ ಬಿಡಿಸಿಕೊಂಡಳು. ಈ ಕೈ ಅವಳನ್ನು ಶಾಲೆಗೆ ಕರೆದೊಯ್ದಿತ್ತು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿತ್ತು. ಇದು ನಿನ್ನೆಯೂ ಇದೇ ಕೈಯಾಗಿತ್ತು. ಅದೇ ತಾಳಲಾಗಲಿಲ್ಲ ಅವಳಿಗೆ. ಮೋಸ ಎಂದರೆ ಎಲ್ಲೋ ಮುಖ ಬದಲಾಗುತ್ತದೆ ಎಂದುಕೊಂಡಿದ್ದಳು. ಇಲ್ಲಿ ಯಾರ ಮುಖವೂ ಬದಲಾಗಿರಲಿಲ್ಲ.

"ನನಗೆ ಮೂಲೆ ಮಳಿಗೆ ಬೇಡ."

"ಈಗ ಸಿಟ್ಟಲ್ಲಿದೀಯ."

"ಬೇಡ ಅಂದೆ ಅಕ್ಕ."

"ಆಯ್ತು, ನಾಳೆ ಮಾತಾಡೋಣ. ಕೈ ತೊಳ್ಕೊಂಡು ಹೋಗು. ಎಂಜಲ ಕೈಯಲ್ಲಿ ಹೊಸಿಲು ದಾಟಬೇಡ."

ಅವಳು ತೊಳೆಯದೆ ದಾಟಿದಳು.

ಬಿಸಿಲು ಇಳಿಯುತ್ತಿತ್ತು. ಗಲ್ಲಿಯಿದ್ದ ಜಾಗ ಈಗ ಎಷ್ಟು ಅಗಲವಾಗಿತ್ತೆಂದರೆ ಬಸ್ಸೊಂದು ತಿರುವಿನಲ್ಲಿ ನಿಧಾನಿಸದೆ ಹೋಯಿತು. ಗೋಡೆಯ ಬುಡದಲ್ಲಿ ಸಾಮಾನುಗಳ ಗುಡ್ಡೆ, ಗುಡ್ಡೆಗೊಬ್ಬರಂತೆ ಕಾವಲು. ಕೀಲಿ ಅಜ್ಜಿ ತನ್ನ ಮರದ ಪೆಟ್ಟಿಗೆಯ ಮೇಲೆ ಕೂತು ಕಾಲು ನೀಡಿ ಮಂಡಿ ನೀವಿಕೊಳ್ಳುತ್ತಿದ್ದಳು. ಸೂಜಿಯ ಯಂತ್ರಕ್ಕೆ ಯಾರೋ ಗೋಣಿಚೀಲ ಹೊದಿಸಿದ್ದರು. ಅವಳು ಬರುವುದನ್ನು ಎಲ್ಲರೂ ನೋಡಿದರು, ಯಾರೂ ಏಳಲಿಲ್ಲ.

"ಮಳಿಗೆ ಸಿಗಲ್ಲ," ಎಂದಳು ಸೂಜಿ. ದಾರಿಯುದ್ದಕ್ಕೂ ಬೇರೆ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಇದೊಂದೇ ಉಳಿದಿತ್ತು. "ನನಗೆ ಮೋಸ ಮಾಡಿದ್ರು. ನಮ್ಮ ಭಾವ, ನಮ್ಮ ಅಕ್ಕ, ಇಬ್ಬರೂ. ನನ್ನ ಕೈಯಲ್ಲಿ ಅಧಿಕಾರ ಇರಲೇ ಇಲ್ಲ."

ಕೀಲಿ ಅಜ್ಜಿ ಮಂಡಿ ನೀವುವುದನ್ನು ನಿಲ್ಲಿಸಲಿಲ್ಲ. "ಅಧಿಕಾರ ಇಲ್ಲದೆ ಬುಲ್ಡೋಜರ್ ಬಂತೇನೇ? 'ಮಾಡಪ್ಪ' ಅಂದ್ಯಲ್ಲ. ಕೇಳಿಸ್ಕೊಂಡೆ ನಾನು. ಕಿವಿಗೇನಾಗಿಲ್ಲ ನನಗೆ."

"ಅಜ್ಜಿ, ಆ ಕೆಲಸಕ್ಕೆ ಮಾತ್ರ ಇತ್ತು."

ಹಾಗೆ ಹೇಳಿದ ಮೇಲೆ ಅದು ಎಷ್ಟು ಕೆಟ್ಟದಾಗಿ ಕೇಳಿಸಿತೆಂದು ಅವಳಿಗೇ ಗೊತ್ತಾಯಿತು. ಸತ್ಯಕ್ಕೆ ಇಷ್ಟು ಸುಳ್ಳಿನ ದನಿ ಇರುತ್ತದೆಂದು ಅವಳು ಎಣಿಸಿರಲಿಲ್ಲ.

ಗಡಿಯಾರದವನು ಗಂಟಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣಿಗೆ ಭೂತಗನ್ನಡಿ ಇರಲಿಲ್ಲ. ಬರಿಗಣ್ಣಿನಲ್ಲಿ ಅವನು ಅಪರಿಚಿತನಂತೆ ಕಂಡ.

"ಮೂಲೆ ಮಳಿಗೆ ನಿಂದಂತಲ್ಲ ಸೂಜಕ್ಕ. ಊರೆಲ್ಲ ಹೇಳ್ತಿದೆ. ಎರಡು ಕಡೆ ಬೆಳಕಂತೆ."

"ಬೇಡ ಅಂದು ಬಂದೆ ಕಣೋ! ಈಗ ಅಲ್ಲಿಂದಲೇ ಬರ್ತಿದೀನಿ, ಅಕ್ಕನ ಮನೆಯಿಂದ. ಅವಳ ಮುಖಕ್ಕೇ ಹೇಳಿ ಬಂದೆ."

"ಅಕ್ಕನ ಮನೆಯಿಂದ."

"ಹ್ಞೂಂ."

ಅವನು ಅವಳ ಬಲಗೈಯನ್ನು ನೋಡಿದ. ಬೆರಳ ತುದಿಗಳಲ್ಲಿ ಅನ್ನ ಒಣಗಿ ಅಂಟಿತ್ತು. ಉಳಿದವರೂ ನೋಡಿದರು. ಬೆಳಗಿನಿಂದ ಆ ಗೋಡೆಯ ಬುಡದಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ.

"ಊಟ ಆಯ್ತಾ?" ಎಂದ, ಬಹಳ ಮೆತ್ತಗೆ, ಯಾರನ್ನಾದರೂ ದಾರಿಯಲ್ಲಿ ಕಂಡರೆ ಕೇಳುವ ಹಾಗೆ.

ಸೂಜಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಇನ್ನೇನೋ ಆಗುತ್ತಿತ್ತು. "ಆಯ್ತು," ಎಂದಳು.

ಕೀಲಿ ಅಜ್ಜಿ ಪೆಟ್ಟಿಗೆಯ ಮೇಲಿಂದ ಇಳಿದು, ಅದನ್ನು ಸೂಜಿಯ ಯಂತ್ರದ ಪಕ್ಕದಿಂದ ಎಳೆದುಕೊಂಡು, ಗೋಡೆಯ ಆಚೆ ತುದಿಗೆ ಹೋಗಿ ಕೂತಳು.